ಕುಕ್ಕರಹಳ್ಳಿ ಕೆರೆಯ ಹಾಯಿದೋಣಿ

ರಾಜ್ಯ ಒಂದಾದ ಮರುವರ್ಷ, ಕಾರ್ತಿಕದ ಒಂದು ಭಾನುವಾರ. ಮದರಾಸಿನ ಕರಾವಳಿಗೆ ಬಡಿದ ಚಂಡಮಾರುತ ಒಳನಾಡಿಗೆ ನುಗ್ಗುತ್ತಿದೆ, ರಾತ್ರಿಯೊಳಗೆ ಮೈಸೂರಿಗೂ ಬಿರುಗಾಳಿ ತಟ್ಟಬಹುದು ಎಂದು ಮಧ್ಯಾಹ್ನದ ರೇಡಿಯೋ ಹೇಳಿತು. ಮನೆಯೊಡತಿ ಅಂಬುಜಮ್ಮ ಹಿತ್ತಲಿನ ಹಪ್ಪಳ ಬಾಚಿಕೊಳ್ಳಲು ಓಡಿದರು. ಬಾಡಿಗೆ ಕೋಣೆಯ ರಮಾಮಣಿ ಮಾತ್ರ ಕೊಡೆಯನ್ನೂ ತೆಗೆದುಕೊಳ್ಳದೆ ಸರಸ್ವತಿಪುರದ ಬೀದಿಗೆ ಇಳಿದಳು. ಅವಳಿಗೆ ಉಳಿಸಿಕೊಳ್ಳಬೇಕಾದದ್ದು ಇದ್ದುದು ಕೆರೆಯಲ್ಲಿ.

ಅದು ಹದಿನಾಲ್ಕು ಅಡಿಯ ತೇಗದ ಹಾಯಿದೋಣಿ. ಅರಮನೆಯ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದ ತಂದೆ ವೆಂಕಟಸುಬ್ಬಯ್ಯನವರು ನಿವೃತ್ತರಾದ ಮೇಲೆ ಬಡಗಿ ಜವರಪ್ಪನನ್ನು ಕಟ್ಟಿಕೊಂಡು ಎರಡು ವರ್ಷ ಕೂತು ಮಾಡಿದ್ದು. ಅದನ್ನು ನಡೆಸುವುದನ್ನು ಅವರು ಕಲಿಸಿದ್ದು ಮಗಳಿಗೆ. ಅವರು ತೀರಿಕೊಂಡ ಮೇಲೆ ಅಣ್ಣ ಲಕ್ಷ್ಮೀನರಸಿಂಹ ಲಕ್ಷ್ಮೀಪುರದ ಮನೆಯನ್ನು ಇಟ್ಟುಕೊಂಡ. ರಮಾಮಣಿ ತುಟಿ ಬಿಚ್ಚಲಿಲ್ಲ. ಆದರೆ ದೋಣಿಯೂ ತನ್ನದೇ ಎಂದು ಅವನು ಹೇಳಿದಾಗ ಬಿಡಲಿಲ್ಲ. ಮದುವೆ ಬೇಡವೆಂದು ಮೇಷ್ಟರಿಕೆ ಹಿಡಿದು ಒಂಟಿಯಾಗಿರುವ ಹೆಂಗಸಿಗೆ ದೋಣಿ ಯಾಕೆ ಎಂದು ಅವನು ನಾಲ್ಕು ಜನರ ಮುಂದೆ ಕೇಳಿದ್ದ. ಅವನು ವ್ಯಾಜ್ಯವನ್ನು ಮುನ್ಸೀಫರ ಕೋರ್ಟಿಗೆ ಒಯ್ದ. ತೀರ್ಪಾಗುವ ತನಕ ದೋಣಿ ತಂಗಿಯ ಸುಪರ್ದಿನಲ್ಲಿ ಇದ್ದ ಹಾಗೆಯೇ ಇರಬೇಕು ಎಂದು ಆಜ್ಞೆಯಾಯಿತು. ಅಲ್ಲಿಂದ ಒಂದೂವರೆ ವರ್ಷ ಅಣ್ಣತಂಗಿಯರ ನಡುವೆ ಮಾತಿಲ್ಲ.

ಆ ದಿನ ಮಾತಾಡಲೇಬೇಕಾಯಿತು. ಒದ್ದೆ ಮರದ ದೋಣಿಯನ್ನು ದಡಕ್ಕೆ ಎಳೆಯಲು ಆರು ಗಟ್ಟಿಯಾಳು ಬೇಕು. ಅಣ್ಣ ಮನೆಯ ಮೇಲೆ ಮಹಡಿ ಕಟ್ಟಿಸುತ್ತಿದ್ದ. ಆಳುಗಳು ಭಾನುವಾರವೂ ಕೆಲಸದಲ್ಲಿದ್ದರು.

ಲಕ್ಷ್ಮೀನರಸಿಂಹ ಜಗಲಿಯ ಮೇಲೆ ಬೆತ್ತದ ಕುರ್ಚಿಯಲ್ಲಿ ಕೂತಿದ್ದ. ಅವಳನ್ನು ಕಂಡು ಏಳಲಿಲ್ಲ, ಕೂರು ಎನ್ನಲೂ ಇಲ್ಲ.

"ಬಿರುಗಾಳಿ ಬರ್ತಿದೆಯಂತೆ ಅಣ್ಣ. ದೋಣಿ ದಡಕ್ಕೆ ಎಳೀಬೇಕು. ನಿನ್ನ ಆಳುಗಳನ್ನ ಒಂದು ಗಂಟೆ ಕಳಿಸಿಕೊಡು."

"ಯಾವ ದೋಣಿ?"

"ಆಟ ಆಡಬೇಡ. ಇರೋದು ಒಂದೇ ದೋಣಿ."

"ಅದು ಕೋರ್ಟಿನಲ್ಲಿದೆ."

"ಕೆರೇಲಿದೆ."

ಅವನು ಪತ್ರಿಕೆ ಮಡಿಸಿದ. "ಇದ್ದ ಹಾಗೆ ಇರಬೇಕು ಅಂತ ಆಜ್ಞೆ. ಒಂದು ಮೊಳೆ ಮುಟ್ಟಕೂಡದು. ನೀನೇನಾದರೂ ಅಲುಗಾಡಿಸಿದೆಯೋ, ಕೋರ್ಟಿನ ಅಮೀನರನ್ನ ಕರೆಸ್ತೀನಿ. ಒಡೆದುಹೋದರೆ ನಿನ್ನ ಸುಪರ್ದಿನಲ್ಲಿ ಒಡೀತು ಅಂತ ಬರೆಸ್ತೀನಿ."

"ಅಂದ್ರೆ ಒಡೆದುಹೋಗಲಿ ಅಂತ ಕಾಯ್ತಿದ್ದೀಯ."

"ನನ್ನ ಆಳುಗಳು ನನ್ನ ಸಿಮೆಂಟು ಮುಚ್ಚಬೇಕು. ನೀನು ಹೊರಡು."

ರಮಾಮಣಿ ಹೊರಟಳು. ಒಳಗಿನಿಂದ ಅತ್ತಿಗೆ ಶಾರದ ಕಾಫಿಯ ಲೋಟ ಹಿಡಿದು ಬಾಗಿಲ ತನಕ ಬಂದಿದ್ದಳು. ಅದನ್ನು ನೋಡಿಯೂ ನೋಡದವಳಂತೆ ಗೇಟು ದಾಟಿದಳು.

ಕೆರೆಯ ಏರಿಯ ಮೇಲೆ ಜವರಪ್ಪ ಕಾಯುತ್ತಿದ್ದ. ಅರವತ್ತರ ಹತ್ತಿರದ ಆಳು, ಪಡುವಾರಹಳ್ಳಿಯವನು. ಯಜಮಾನರು ಹೋದ ಮೇಲೂ ವಾರಕ್ಕೊಮ್ಮೆ ಬಂದು ದೋಣಿಯ ಹಲಗೆ ಸವರಿ ನೋಡಿ ಹೋಗುತ್ತಿದ್ದ.

"ಜನ ಸಿಕ್ಕಿದ್ರಾ ಅಮ್ಮಣ್ಣಿ?"

"ಇಲ್ಲ. ನಿಮ್ಮೂರಲ್ಲಿ?"

"ಎಲ್ಲಾ ಕುಯ್ದಿರೋ ರಾಗಿ ಮುಚ್ಚಾಕೆ ಓಗವ್ರೆ. ಮುದುಕ್ರು ಬುಟ್ರೆ ಯಾರೂ ಇಲ್ಲ."

ಗಾಳಿ ಇನ್ನೂ ಜೋರಾಗಿರಲಿಲ್ಲ. ಆದರೆ ಕೆರೆಯ ಬಣ್ಣ ಬದಲಾಗಿ ಸೀಸದ ಹಾಗಾಗಿತ್ತು. ಹಕ್ಕಿಗಳ ನಡುಗಡ್ಡೆಯಲ್ಲಿ ಒಂದು ಕೊಕ್ಕರೆಯೂ ಮೇಲೇಳುತ್ತಿರಲಿಲ್ಲ. ಜವರಪ್ಪ ಹಗ್ಗವನ್ನು ಮೂರು ಪಟ್ಟು ಮಾಡಿ ಆಲದ ಬೇರಿಗೆ ಕಟ್ಟೋಣವೆಂದ. ರಮಾಮಣಿ ಬೇಡವೆಂದು ತಲೆಯಾಡಿಸಿದಳು. ಇಂಥ ಗಾಳಿ ಮೊದಲು ಒಂದು ದಿಕ್ಕಿನಿಂದ ಬೀಸಿ, ನಡುವೆ ತೆಪ್ಪಗಾಗಿ, ಆಮೇಲೆ ತದ್ವಿರುದ್ಧ ದಿಕ್ಕಿನಿಂದ ಬಡಿಯಬಹುದು ಎಂದು ಅಪ್ಪ ಹೇಳುತ್ತಿದ್ದರು. ಯಾವ ಮೂಲೆಯಲ್ಲಿ ಕಟ್ಟಿದರೂ ರಾತ್ರಿಯ ಯಾವುದೋ ಒಂದು ಗಳಿಗೆಯಲ್ಲಿ ದೋಣಿ ಕಲ್ಲಿಗೆ ಬಡಿದು ಚೂರಾಗುವುದು ಖಂಡಿತ.

ಅವಳ ಕಣ್ಣು ಜೊಂಡಿನ ಮೂಲೆಯ ಮೇಲೆ ನಿಂತಿತು.

"ಜವರಪ್ಪ, ಮುಳುಗಿಸಿಬಿಡೋಣ."

"ಏನಂದ್ರಿ?"

"ಗಾಳಿ ಹೊಡೆಯೋದು ನೀರಿನ ಮೇಲಿರೋದನ್ನ. ಕೆಳಗಿರೋದನ್ನ ಏನು ಮಾಡುತ್ತೆ? ಜೊಂಡಿನ ಹತ್ತಿರ ಸೊಂಟದ ನೀರು, ಅಡಿಯಲ್ಲಿ ಮೆತ್ತನೆ ಕೆಸರು. ತಳದ ಬಿರಡೆ ಕಿತ್ತು ಕಲ್ಲು ತುಂಬಿದರೆ ಅಲ್ಲೇ ಕೂರುತ್ತೆ."

ಜವರಪ್ಪನ ಮುಖ ಕಪ್ಪಿಟ್ಟಿತು. "ನನ್ನ ಕೈಯಾರೆ ಮಾಡಿದ್ದು ಕಣ್ರವ್ವ. ನನ್ನ ಕೈಯಾರೆ ಮುಳುಗ್ಸು ಅಂತೀರಲ್ಲ."

"ಸೌದೆ ಆಯ್ದುಕೊಳ್ಳೋದಕ್ಕಿಂತ ಮೇಲಲ್ವಾ?"

ಅವನು ಅಂಗಿ ಬಿಚ್ಚಿ ಏರಿಯ ಮೇಲಿಟ್ಟ.

ಹಾಯಿಯ ಬಟ್ಟೆ ಬಿಚ್ಚಿ ಸುತ್ತಿದರು. ಹಾಯಿಕಂಬವನ್ನು ಕಿತ್ತು, ಚುಕ್ಕಾಣಿ, ಹುಟ್ಟುಗಳನ್ನೆಲ್ಲ ಏರಿಯ ಆಚೆ ಮಾವಿನ ಮರದಡಿಗೆ ಹೊತ್ತು ಹಾಕಿದರು. ರಮಾಮಣಿ ಸೀರೆಯನ್ನು ಕಚ್ಚೆ ಹಾಕಿ ನೀರಿಗೆ ಇಳಿದು ದೋಣಿಯನ್ನು ಜೊಂಡಿನ ಮೂಲೆಗೆ ತಳ್ಳಿದಳು. ಏರಿಯ ರಿಪೇರಿಗೆಂದು ಗುಡ್ಡೆ ಹಾಕಿದ್ದ ಕಲ್ಲುಗಳನ್ನು ಒಂದೊಂದಾಗಿ ಹೊತ್ತು ತಂದು ದೋಣಿಯೊಳಗೆ ನಿಧಾನವಾಗಿ ಇಳಿಸಿದರು. ಹನ್ನೆರಡನೆಯ ಕಲ್ಲು ಇಳಿಸುವಷ್ಟರಲ್ಲಿ ಅವಳ ಅಂಗೈ ಸುಲಿದಿತ್ತು. ಗಾಳಿ ಸೀಟಿ ಹಾಕತೊಡಗಿತ್ತು. ಜವರಪ್ಪ ದೋಣಿಯ ಹಿಂಬದಿಗೆ ಬಗ್ಗಿ ಬಿರಡೆ ಕಿತ್ತ. ಕೆಸರುನೀರು ಬುಗ್ಗೆಯ ಹಾಗೆ ಒಳಗೆ ಉಕ್ಕಿತು.

"ಏಯ್! ಏನು ಮಾಡ್ತಿದ್ದೀಯ?"

ಲಕ್ಷ್ಮೀನರಸಿಂಹ ಏರಿಯ ಮೇಲೆ ನಿಂತಿದ್ದ. ಕಚ್ಚೆಪಂಚೆ, ಕರಿಯ ಕೋಟು, ಗಾಳಿಗೆ ತಿರುವುಮುರುವಾದ ಕೊಡೆ. ತಂಗಿ ಕದ್ದು ಏನು ಮಾಡುತ್ತಾಳೆ ನೋಡೋಣವೆಂದು ಬಂದವನು ದೋಣಿಯ ಅಂಚು ನೀರಿಗೆ ಸಮನಾಗುತ್ತಿರುವುದನ್ನು ಕಂಡಿದ್ದ.

"ಮುಳುಗಿಸ್ತಿದ್ದೀಯಾ? ನನಗೆ ಸಿಗಬಾರದು ಅಂತ ಮುಳುಗಿಸ್ತಿದ್ದೀಯಾ?"

"ಉಳಿಸ್ತಿದ್ದೀನಿ. ಪಕ್ಕಕ್ಕೆ ಇರು."

"ಅಪ್ಪನ ಮುದ್ದಿನ ಮಗಳು ನೋಡು, ಅಪ್ಪನ ದೋಣಿಗೆ ಕಲ್ಲು ಕಟ್ಟಿ ಕೊಲ್ತಾಳೆ!" ಅವನು ಕೊಡೆ ಬಿಸಾಡಿ ಮೆಟ್ಟಿಲು ಇಳಿದ. ದಡಕ್ಕೆ ಹತ್ತಿರವಿದ್ದ ದೋಣಿಗೆ ಕಾಲು ಚಾಚಿ ಹತ್ತಿಯೇಬಿಟ್ಟ. ದೊಡ್ಡದೊಂದು ಕಲ್ಲನ್ನು ಎತ್ತಿ ಹೊರಗೆಸೆಯಲು ಹೋದ. ಕಲ್ಲು ಕೈಜಾರಿ ದೋಣಿಯ ಪಕ್ಕದ ಹಲಗೆಗೆ ಬಿದ್ದು ಚಟ್ಟೆಂದಿತು. ದೋಣಿ ವಾಲಿತು. ಅವನು ಬೆನ್ನಡಿಯಾಗಿ ನೀರಿಗೆ ಬಿದ್ದ.

ಬಿದ್ದವನು ಚೀರಿದ. ನಲವತ್ತು ದಾಟಿದ ಗಂಡಸಿನ ಚೀರಾಟವಾಗಿರಲಿಲ್ಲ ಅದು. ಕೈಕಾಲು ಬಡಿಯುತ್ತ, ಬಾಯಿಗೆ ನೀರು ತುಂಬಿಕೊಳ್ಳುತ್ತ, ಕಣ್ಣು ಮೇಲೆ ಮಾಡಿ ಒದ್ದಾಡಿದ. ರಮಾಮಣಿಗೆ ಇದೇ ಕೆರೆಯ ಇನ್ನೊಂದು ಸಂಜೆ ಕಣ್ಣಿಗೆ ಬಂತು: ಹತ್ತು ವರ್ಷದ ಅಣ್ಣನನ್ನು ಈಜು ಕಲಿಯಲಿ ಎಂದು ಅಪ್ಪ ಎತ್ತಿ ಎಸೆದದ್ದು, ಅವನು ಹೀಗೆಯೇ ಚೀರಿದ್ದು, ಅಪ್ಪ ಜನರ ಮುಂದೆ ಹೇಡಿ ಎಂದದ್ದು. ಏರಿಯ ಮೇಲೆ ಕೂತಿದ್ದ ಆರು ವರ್ಷದ ತಾನು ಕೈತಟ್ಟಿ ನಕ್ಕದ್ದು.

ಈಗ ಅವಳು ನಗಲಿಲ್ಲ. ಕೋಟಿನ ಕಾಲರಿಗೆ ಕೈಹಾಕಿ ಎಳೆದು ನಿಲ್ಲಿಸಿದಳು. "ನಿಂತ್ಕೋ! ಕಾಲು ಊರು! ಸೊಂಟದ ಮೇಲೆ ನೀರಿಲ್ಲ ಇಲ್ಲಿ!"

ಅವನು ಕಾಲೂರಿದ. ನೀರು ಅವನ ಸೊಂಟಕ್ಕೆ ನಿಂತಿತು. ಕೆಮ್ಮಿದ. ಮುಖದ ತುಂಬ ಪಾಚಿ. ಅವಳ ಕೈಯನ್ನು ಒದರಿಕೊಂಡ.

"ನೀನು ತಳ್ಳಿದೆ."

"ತಳ್ಳಲಿಲ್ಲ."

"ತಳ್ಳಿದೆ. ಜವರಪ್ಪ, ನೀನು ನೋಡಿದೆಯಲ್ಲ, ಹೇಳು!"

"ನಾನು ಬಿರಡೆ ತಾವ ಬಗ್ಗಿದ್ದೆ, ಬುದ್ದಿ."

ಲಕ್ಷ್ಮೀನರಸಿಂಹ ಇಬ್ಬರನ್ನೂ ನೋಡಿ, ದಡ ಹತ್ತಿ, ಒಂದೇ ಚಪ್ಪಲಿಯಲ್ಲಿ ಕುಂಟುತ್ತ ಏರಿ ದಾಟಿ ಹೋದ. ಉಳಿದ ಕಲ್ಲುಗಳನ್ನು ತುಂಬಿ, ದೋಣಿ ಕೆಸರಿನಲ್ಲಿ ಕೂರುವ ತನಕ ಇವರಿಬ್ಬರೂ ಅದರ ಅಂಚು ಹಿಡಿದುಕೊಂಡು ನಿಂತರು. ಕೊನೆಗೆ ಮೂಗಿನ ಮರವೂ ನೀರಿನಡಿ ಹೋದಾಗ ಜವರಪ್ಪ ಮುಖ ಆಚೆ ತಿರುಗಿಸಿಕೊಂಡ.

ರಾತ್ರಿಯಿಡೀ ಗಾಳಿ ಹೆಂಚುಗಳನ್ನು ಕಿತ್ತೆಸೆಯಿತು. ಬೀದಿಯ ದೀಪದ ಕಂಬಗಳು ಮಲಗಿದವು. ಬೆಳಿಗ್ಗೆ ಕೆರೆಗೆ ಹೋದರೆ ಜವರಪ್ಪ ಹಗ್ಗ ಕಟ್ಟೋಣವೆಂದಿದ್ದ ಆಲದ ಮರವೇ ಬುಡ ಮೇಲಾಗಿತ್ತು. ಮೀನು ಹಿಡಿಯುವವರ ಎರಡು ದೋಣಿಗಳು ಏರಿಯ ಕಲ್ಲಿನ ಮೇಲೆ ಚೂರುಚೂರಾಗಿ ಹರಡಿದ್ದವು. ಜೊಂಡಿನ ಮೂಲೆಯಲ್ಲಿ ಕೆಂಪು ನೀರು ಬಿಟ್ಟರೆ ಏನೂ ಕಾಣಲಿಲ್ಲ. ಮಳೆಗೆ ಕೆರೆ ತುಂಬಿ, ಸೊಂಟದ ನೀರು ಕತ್ತಿನ ತನಕ ಬಂದಿತ್ತು.

ನೀರು ಇಳಿಯಲೆಂದು ಮೂರು ದಿನ ಕಾದರು. ನಾಲ್ಕನೆಯ ದಿನ ರಮಾಮಣಿ ಶಾಲೆಗೆ ರಜೆ ಬರೆದುಕೊಟ್ಟು ಬಂದು ಉಸಿರು ಬಿಗಿಹಿಡಿದು ಮುಳುಗಿ, ಕಲ್ಲುಗಳನ್ನು ಒಂದೊಂದಾಗಿ ಕಿತ್ತು ಹೊರಗೆ ಉರುಳಿಸತೊಡಗಿದಳು. ಜವರಪ್ಪನೂ ಅವನ ಊರಿನ ಮೂವರೂ ದೋಣಿಗೆ ಬಿಗಿದ ಹಗ್ಗ ಹಿಡಿದಿದ್ದರು. ಅದೇ ಹೊತ್ತಿಗೆ ಲಕ್ಷ್ಮೀನರಸಿಂಹ ಕೋರ್ಟಿನ ಅಮೀನ ಮರಿಯಯ್ಯನವರನ್ನು ಕರೆದುಕೊಂಡು ಏರಿಯ ಮೇಲೆ ಬಂದ.

"ನೋಡಿ ಅಮೀನರೆ, ನಾಶ ಮಾಡಿದ್ದಾಳೆ. ಬರೆದುಕೊಳ್ಳಿ."

ಅಮೀನರು ಪೆನ್ಸಿಲು ತೆಗೆಯುವಷ್ಟರಲ್ಲಿ ಹಗ್ಗ ಬಿಗಿಯಿತು. ಕೆಸರು ಕುದಿದಂತೆ ಗುಳ್ಳೆಯೆದ್ದಿತು. ದೋಣಿಯ ಮೂಗು, ಅದರ ಬೆನ್ನಿಗೇ ಇಡೀ ಮೈ, ಪಾಚಿ ಸುರಿಸುತ್ತ ನೀರಿನಿಂದ ಮೇಲೆದ್ದಿತು. ಊರಿನವರು ಹೋ ಎಂದರು. ಜವರಪ್ಪ ಒಂದೊಂದು ಹಲಗೆಯನ್ನೂ ಬೆರಳಿನಿಂದ ತಟ್ಟುತ್ತ ಹೋದ. ಒಂದೇ ಒಂದು ಕಡೆ ನಿಂತ.

"ಬಿರುಕು!" ಅಣ್ಣ ಕೂಗಿದ. "ಅಲ್ಲಿ ಬಿರುಕು ಬಿಟ್ಟಿದೆ. ಬರೆದುಕೊಳ್ಳಿ!"

"ಇದು ಎಂಗಾಯ್ತಪ್ಪ?" ಅಮೀನರು ಜವರಪ್ಪನನ್ನು ಕೇಳಿದರು.

ಜವರಪ್ಪ ಈ ಸಲ ತಲೆ ತಗ್ಗಿಸಲಿಲ್ಲ. "ಈ ಬುದ್ದಿಯವರು ದೋಣಿ ಅತ್ತಿ ಕಲ್ಲು ಎತ್ತಾಕಕ್ಕೆ ಓದ್ರು, ಸಾಮಿ. ಕೈಜಾರಿ ಬಿತ್ತು. ಆಗಲೇ ಇವರೂ..." ಅಲ್ಲಿಗೆ ನಿಲ್ಲಿಸಿ ರಮಾಮಣಿಯ ಕಡೆ ನೋಡಿದ.

"ಇವರೂ ಏನು? ನೀರಿಗೆ ಬಿದ್ರಾ?"

ಊರಿನವರು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದರು. ಲಕ್ಷ್ಮೀನರಸಿಂಹನ ಮುಖ ಬಿಳಿಚಿತು. ತಳ್ಳಿದಳು ಎಂದು ಅವನೇ ಹೇಳಬಹುದಿತ್ತು. ಆದರೆ ಹೇಳಿದರೆ ಎಷ್ಟು ನೀರಿನಲ್ಲಿ, ಹೇಗೆ ಚೀರಿದ ಎಂಬುದೂ ಹೊರಗೆ ಬರುತ್ತಿತ್ತು. ರಮಾಮಣಿ ತಲೆಗೂದಲಿನ ನೀರು ಹಿಂಡಿಕೊಂಡಳು.

"ಬೀಳಲಿಲ್ಲ," ಎಂದಳು. "ಇಳಿದರು."

ಅಮೀನರು ಒಮ್ಮೆ ಇವರನ್ನು, ಒಮ್ಮೆ ಅವರನ್ನು ನೋಡಿ, ದೋಣಿ ಇದ್ದಲ್ಲೇ ಇದೆ, ಒಂದು ಹಲಗೆಗೆ ಪೆಟ್ಟು ಎಂದಷ್ಟೇ ಬರೆದುಕೊಂಡು ಸೈಕಲ್ಲು ಹತ್ತಿದರು. ಅವರು ಮರೆಯಾದ ಮೇಲೆ ಲಕ್ಷ್ಮೀನರಸಿಂಹ ಮೆಟ್ಟಿಲಿನ ತನಕ ಇಳಿದು ಬಂದ. ನೀರಿಗೆ ಎರಡು ಮಾರು ದೂರದಲ್ಲಿ ನಿಂತ.

"ನಿನ್ನ ದಯೆ ನನಗೆ ಬೇಡ."

"ದಯೆ ಯಾರು ತೋರಿಸಿದರು? ಅಮೀನರು ಬೇಗ ಹೋಗಲಿ ಅಂತ ಅಂದೆ. ನನಗೆ ಕೆಲಸ ಇದೆ."

"ನಗು. ಈಗಲಾದರೂ ನಗು. ಅವತ್ತೂ ನಕ್ಕಿದ್ದೆಯಲ್ಲ."

ಅದು ಅವನಿಗೆ ನೆನಪಿದೆ ಎಂದು ಇಷ್ಟು ವರ್ಷ ಅವಳಿಗೆ ಗೊತ್ತಿರಲಿಲ್ಲ. ನನಗೆ ಆರು ವರ್ಷ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವನು ಬೆನ್ನು ಮಾಡಿ ಮೆಟ್ಟಿಲು ಹತ್ತಿದ್ದ. ಕೂಗಿ ಕರೆಯಬೇಕೆಂದು ಒಂದು ಗಳಿಗೆ ಅನ್ನಿಸಿತು. ಜಗಲಿಯ ಮೇಲೆ ಅವನು ಪತ್ರಿಕೆ ಮಡಿಸಿದ ರೀತಿ ನೆನಪಾಗಿ ಮತ್ತೆ ಹಗ್ಗಕ್ಕೆ ಕೈಹಾಕಿದಳು.

ಮುಂದಿನ ವಾಯಿದೆಯ ದಿನ ಅವನ ವಕೀಲರು ದಾವೆಯನ್ನು ವಾಪಸು ತೆಗೆದುಕೊಂಡರು. ಕಾರಣ ಹೇಳಲಿಲ್ಲ. ದೋಣಿ ಅವಳದಾಯಿತು. ಜವರಪ್ಪ ಬಿರುಕಿನ ಹಲಗೆಯನ್ನು ತೆಗೆದು ಹೊಸದು ಕೂರಿಸಿ, ಡಾಂಬರು ಬಳಿದು, ಸಂಕ್ರಾಂತಿಯ ಹೊತ್ತಿಗೆ ನೀರಿಗೆ ಬಿಟ್ಟ.

ಮಾಘದಲ್ಲಿ ಅಪ್ಪನ ಶ್ರಾದ್ಧ ಬಂತು. ಹಿಂದಿನ ವರ್ಷ ವ್ಯಾಜ್ಯ ನಡೆಯುತ್ತಿದ್ದಾಗಲೂ ಶಾರದ ಆಳಿನ ಕೈಯಲ್ಲಿ ಹೇಳಿಕಳಿಸಿದ್ದಳು. ರಮಾಮಣಿ ಹೋಗಿ ಊಟ ಮಾಡಿ, ಯಾರೊಂದಿಗೂ ಮಾತಾಡದೆ ಬಂದಿದ್ದಳು. ಈ ಸಲ ಕರೆಯಲು ಯಾರೂ ಬರಲಿಲ್ಲ. ಹನ್ನೊಂದು ಗಂಟೆಯವರೆಗೆ ಬಾಗಿಲ ಕಡೆ ಕಿವಿಯಿಟ್ಟು ಕೂತಿದ್ದಳು. ಆಮೇಲೆ ಎದ್ದು, ಅನ್ನಕ್ಕೆ ಇಟ್ಟ ಪಾತ್ರೆಯನ್ನು ಒಲೆಯಿಂದ ಇಳಿಸಿ, ಕೆರೆಗೆ ನಡೆದಳು. ಒಳ್ಳೆಯ ಗಾಳಿಯಿತ್ತು. ಒಬ್ಬಳೇ ಹಾಯಿ ಏರಿಸಿ, ಹಗ್ಗ ಬಿಚ್ಚಿ, ದೋಣಿಯನ್ನು ನಡುನೀರಿಗೆ ಬಿಟ್ಟುಕೊಂಡಳು.