ಕೇಳದೆ ಹೇಳುವವಳು

ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಅಷ್ಟರಲ್ಲಿ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ವಿರೂಪಾಕ್ಷ ವೇದಿಕೆ ಹತ್ತಿ ಮೈಕು ಹಿಡಿದ.

"ಮೇಡಂ, ಎಲ್ಲರ ಮನಸ್ಸಲ್ಲಿರೋದನ್ನ ಹೇಳಿದ್ರಿ. ಇನ್ನೊಂದೇ ಒಂದು ಹೇಳ್ಬಿಡಿ. ಮೊನ್ನೆ ನಮ್ಮ ಮನೇಲಿ ಸರ ಕಳುವಾಯ್ತು. ಕೆಲಸದವರನ್ನೆಲ್ಲ ಕರೆಸಿದೀನಿ. ಮುಖ ನೋಡಿ ಇವಳೇ ಅಂದ್ರೆ ಸಾಕು."

ಆಗಷ್ಟೇ ಆಟ ಮುಗಿಸಿದ್ದ ಭಾಗ್ಯಶ್ರೀ ತಲೆಯೆತ್ತಿ ನೋಡಿದಳು. ಸಭಾಂಗಣದ ಬಾಗಿಲ ಪಕ್ಕ ಕೆಲಸದ ಹೆಂಗಸರು ಗೋಡೆಗೆ ಅಂಟಿಕೊಂಡು ನಿಂತಿದ್ದರು. ರಾಜ್ಯೋತ್ಸವದ ಊಟ ಇದೆ ಎಂದು ಕರೆದಿದ್ದಿರಬೇಕು. ಎಲ್ಲರೂ ಒಳ್ಳೆ ಸೀರೆ ಉಟ್ಟಿದ್ದರು, ಒಬ್ಬಳು ಹೂವನ್ನೂ ಮುಡಿದಿದ್ದಳು.

ಗದಗಿನಿಂದ ಬಂದು ಯಲಹಂಕದ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದ ಭಾಗ್ಯಶ್ರೀ, ಭಾನುವಾರಗಳಲ್ಲಿ ಮನಸ್ಸು ಓದುವ ಆಟ ತೋರಿಸುತ್ತಿದ್ದಳು. ಮೊದಮೊದಲು ಅವಳು ಬಾಯಿ ತೆಗೆದರೆ ಸಾಕು, ಅವಳ ಊರಿನ ಮಾತಿಗೆ ಜನ ನಗುತ್ತಿದ್ದರು. ಅದೇ ಕಾಲೇಜಿನ ಫೈಜಾನ್ ಅವಳ ಆಟಕ್ಕೆ ಸೌಂಡ್ ನೋಡಿಕೊಳ್ಳುತ್ತಿದ್ದ. ಒಂದು ದಿನ ಅವನೇ ಬೈದ: "ಒಂದ್ಸಲ ಟೀಚರ್ ಥರ, ಒಂದ್ಸಲ ಗಿಣಿಶಾಸ್ತ್ರದವಳ ಥರ, ಒಂದ್ಸಲ ಕಾಮಿಡಿ. ಸ್ಟೇಜ್ ಮೇಲೆ ನೀನು ಯಾರು ಅಂತ ನಿಂಗೇ ಗೊತ್ತಿಲ್ಲ. ಜನ ಯಾಕೆ ನಂಬ್ತಾರೆ?"

ಅವಳು ಮಾತು ಬದಲಿಸಲಿಲ್ಲ, ನಿಧಾನ ಮಾಡಿದಳು. ಅದೇ ಗದಗಿನ ಮಾತು, ಅರ್ಧ ವೇಗದಲ್ಲಿ. ನಗುವುದಿಲ್ಲ. ಯಾರನ್ನೂ ಏನೂ ಕೇಳುವುದಿಲ್ಲ, ಹೇಳುವುದಷ್ಟೆ. ಜನ ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಕದ್ದು ನೋಡುವುದು ಕೈಚಳಕ. ಮಿಕ್ಕ ಕೆಲಸವನ್ನೆಲ್ಲ ಆ ನಿಧಾನವೇ ಮಾಡುತ್ತಿತ್ತು. ನಕ್ಕ ಜನವೇ ಈಗ ಅವಳ ಕಣ್ಣು ತಮ್ಮ ಮೇಲೆ ಬಿದ್ದರೆ ನೆಟ್ಟಗೆ ಕೂರುತ್ತಿದ್ದರು.

ಆ ಕಣ್ಣು ಈಗ ಬಾಗಿಲ ಕಡೆ ಹೋಗಿತ್ತು. ಹಿಂದೆಯೇ ಇಡೀ ಸಭೆಯ ತಲೆಗಳು ಆ ಕಡೆ ತಿರುಗಿದವು.

"ನೋಡಿದ್ರಾ? ದ್ರೌಪದಮ್ಮನ್ನೇ ನೋಡಿದ್ರು," ಎಂದಿತು ಮುಂದಿನ ಸಾಲಿನ ಒಂದು ಹೆಣ್ಣುದನಿ.

ಹೂ ಮುಡಿದಿದ್ದವಳೇ ದ್ರೌಪದಮ್ಮ. "ನನ್ನ ಯಾಕವ್ವ ಇಂಗ್ ನೋಡ್ತೀಯ? ನಾನೇನೂ ತಗಂಡಿಲ್ಲ," ಎಂದಳು. ದನಿ ನಡುಗುತ್ತಿತ್ತು. ನಡುಗಿದ್ದನ್ನೂ ಜನ ಗಮನಿಸಿದರು.

ಭಾಗ್ಯಶ್ರೀ ಕಣ್ಣನ್ನು ಅವಳಿಂದ ಕಿತ್ತು ನೆಲಕ್ಕೆ ನೆಟ್ಟಳು. "ಇದು ಆಟ ಐತ್ರಿ. ನನಗ ಯಾವ ವಿದ್ಯಾನೂ ಬರೂದಿಲ್ಲ." ಆದರೆ ಭಯಕ್ಕೆ ಮಾತು ಎಂದಿಗಿಂತ ನಿಧಾನವಾಗಿ, ಇನ್ನಷ್ಟು ಗಂಭೀರವಾಗಿ ಬಂತು.

ವಿರೂಪಾಕ್ಷ ಕೈ ಮುಗಿದ. "ತಿಳಿದವರು ಹಾಗೇ ಹೇಳೋದು. ಮೇಡಂಗೆ ಪಾಪ ಅನ್ನಿಸ್ತಿದೆ. ಪರವಾಗಿಲ್ಲ, ಬಾಯಲ್ಲಿ ಹೇಳ್ಬೇಡಿ. ಹೊಯ್ಸಳ ಗಾಡಿ ಪೊಲೀಸ್ನೋರಿಗೆ ಒಂದು ಫೋನ್ ಹಾಕ್ತೀನಿ, ಮಿಕ್ಕಿದ್ದು ಅವರು ಬಾಯಿ ಬಿಡಿಸ್ತಾರೆ."

ಜನ ಒಂದು ಸುಳ್ಳನ್ನು ನಂಬಿದ ಮೇಲೆ, ಆಮೇಲೆ ಹೇಳಿದ ನಿಜವನ್ನೂ ಅದೇ ಗಂಟಿಗೆ ಸೇರಿಸಿ ಕಟ್ಟುತ್ತಾರೆ.

ಫೈಜಾನ್ ವೈರು ಸರಿಮಾಡುವವನಂತೆ ಅವಳ ಹತ್ತಿರ ಬಂದ. "ನಮಸ್ಕಾರ ಹಾಕಿ ಇಳಿದ್ಬಿಡು ಭಾಗ್ಯಾ. ಕ್ಯಾರೆಕ್ಟರ್ ಬಿಡ್ಬೇಡ. ಹೆಬ್ಬಾಳದ ಹೋಟೆಲ್‌ನೋರು ಪ್ರೋಗ್ರಾಂ ಕೊಡೋಣ ಅಂತ ನಿನ್ನ ನೋಡೋಕೇ ಬಂದಿದಾರೆ."

ಇಳಿದುಬಿಡಬಹುದಿತ್ತು. ಆದರೆ ಸುಮ್ಮನೆ ಇಳಿದರೆ ಆ ಸುಮ್ಮನಿರುವಿಕೆಯೇ ಸಾಕ್ಷಿ. ವಿರೂಪಾಕ್ಷನ ಹೆಬ್ಬೆರಳು ಆಗಲೇ ಫೋನಿನ ಮೇಲಿತ್ತು. ಅವಳು ವೇದಿಕೆಯ ಅಂಚಿಗೆ ಬಂದಳು.

"ತಡೀರಿ ಅಣ್ಣಾರ!" ಎಂದು ಕೂಗಿದಳು. "ಸರ ಎಲ್ಲೂ ಹೋಗಿಲ್ಲ. ಇಲ್ಲೇ ಐತಿ. ಆ ಭುವನೇಶ್ವರಿ ಫೋಟೋದ ಹಿಂದ."

ಇಡೀ ಸಭೆ ಉಸಿರು ಬಿಗಿಹಿಡಿಯಿತು. ವಿರೂಪಾಕ್ಷ ಓಡಿಹೋಗಿ ಹಾರ ಸಮೇತ ಫೋಟೋ ಎತ್ತಿದ. ಒಂದು ಹಲ್ಲಿ ಪುಳಕ್ಕನೆ ಹಾರಿ ಅವನ ತೋಳಿನ ಮೇಲೆ ಬಿತ್ತು. ಯಾರೋ ಕಿಸಕ್ಕೆಂದರು.

"ಅಲ್ಲಲ್ಲ, ಹೂಕುಂಡದಾಗ ನೋಡ್ರಿ. ಅಲ್ಲೂ ಇಲ್ಲೇನ್ರಿ? ಹಂಗಾದ್ರ ಸರಾ ಹೆಂಗಿತ್ರಿ? ಎಷ್ಟ್ ಎಳೀದು? ನಿಮ್ಮ ಮನೆಯವರು ಎಲ್ಲಿ ಬಿಚ್ಚಿಟ್ಟಿದ್ರು? ಬಚ್ಚಲದಾಗ ನೋಡೀರೇನ್ರಿ?" ಬೇಕೆಂದೇ ಹಲ್ಲು ಕಿರಿಯುತ್ತ, ಒಂದರ ಬೆನ್ನಿಗೆ ಒಂದು, ಬಸ್‌ಸ್ಟ್ಯಾಂಡಿನಲ್ಲಿ ಬಡಬಡಿಸುವ ಹಾಗೆ ಕೇಳುತ್ತಲೇ ಹೋದಳು. ಅಂಗೈಯಲ್ಲಿ ಮಡಚಿಟ್ಟುಕೊಂಡಿದ್ದ ಚೀಟಿಗಳನ್ನು ಎತ್ತಿ ತೋರಿಸಿದಳು. "ಆಗಿಂದ ಇವನ್ನ ಓದೇ ಹೇಳೀನ್ರೀ ಯವ್ವಾ!"

"ಮೇಡಂ, ಬ್ಯಾಟ್ರಿ ಡೌನಾ?" ಎಂದನೊಬ್ಬ. "ದುಡ್ಡು ವಾಪಸ್!" ಎಂದ ಇನ್ನೊಬ್ಬ. ಸಭೆಗೆ ಸಭೆಯೇ ಗೊಳ್ಳೆಂದಿತು. ಭಾಗ್ಯಶ್ರೀ ನಗುತ್ತಲೇ ನಿಂತಳು. ವಿರೂಪಾಕ್ಷ ಕೆಂಪಗಾಗಿ, ಫೋನನ್ನು ಜೇಬಿಗೆ ಹಾಕಿ, "ಊಟಕ್ಕೆ ಏಳಿ, ಏಳಿ," ಎಂದ.

ಫೈಜಾನ್ ತಲೆಯೆತ್ತದೆ ವೈರು ಸುತ್ತುತ್ತಿದ್ದ. "ಎಲ್ಲರೂ ವಿಡಿಯೋ ಮಾಡ್ಕೊಂಡ್ರು. ಹೋಟೆಲ್‌ನೋರು ಎದ್ದೋದ್ರು."

"ಗೊತ್ತೈತಿ," ಎಂದಳು.

ಹೊರಗೆ ಬಂದಾಗ ತಣಿಸಂದ್ರದ ರಸ್ತೆಯಲ್ಲಿ ಬಿಸಿಲು ರಾಚುತ್ತಿತ್ತು. ಗೇಟಿನಾಚೆ ದ್ರೌಪದಮ್ಮ ಒಬ್ಬಳೇ ಹೋಗುತ್ತಿದ್ದಳು, ಊಟಕ್ಕೂ ನಿಂತಿರಲಿಲ್ಲ. "ಅವ್ವಾ, ಒಂದ್ನಿಮಿಷ ನಿಲ್ರಿ," ಎಂದು ಭಾಗ್ಯಶ್ರೀ ದಾಪುಗಾಲು ಹಾಕಿದಳು.

ದ್ರೌಪದಮ್ಮ ತಿರುಗಿ ಅವಳನ್ನು ಕಂಡಳು. ಕಂಡವಳೇ ಸೆರಗೆಳೆದು, ಆ ಕಣ್ಣಿಗೆ ಏನೂ ಕಾಣದ ಹಾಗೆ ಹಣೆ, ಕಣ್ಣು, ಬಾಯಿ ಎಲ್ಲವನ್ನೂ ಮುಚ್ಚಿಕೊಂಡು ಕಾಂಪೌಂಡ್ ಗೋಡೆಗೆ ಮುಖಮಾಡಿ ನಿಂತುಬಿಟ್ಟಳು. ಸೆರಗು ಉಸಿರಿಗೆ ಒಳಕ್ಕೆ ಎಳೆದುಕೊಳ್ಳುತ್ತಿತ್ತು, ಮತ್ತೆ ಹೊರಕ್ಕೆ ಉಬ್ಬುತ್ತಿತ್ತು.