ಹಿಂದಿನ ಸಾಲಿನ ನಗು

"ನಿಮ್ಮಮ್ಮ ನಗೋದನ್ನ ಒಂದಿನ ನಿಂಗೆ ಕೇಳಿಸ್ತೀನಿ ಕಣಪ್ಪ."

ರಾಮಾಂಜಿನಪ್ಪ ಈ ಮಾತು ಕೊಟ್ಟಿದ್ದು ಮಗನ ತಲೆಗೆ ಸೀಗೆಪುಡಿ ಉಜ್ಜುತ್ತಿದ್ದಾಗ. ಮುರಳಿಮೋಹನನಿಗೆ ಆಗ ಏಳು ವರ್ಷ. ಕಣ್ಣು ಉರಿಯುತ್ತದೆಂದು ಬಿಗಿಯಾಗಿ ಮುಚ್ಚಿಕೊಂಡು ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಅಮ್ಮನ ಮುಖ ಅವನಿಗೆ ಗೊತ್ತಿತ್ತು, ಮದುವೆಯ ಫೋಟೋ ಗೋಡೆಯ ಮೇಲಿತ್ತು. ಆದರೆ ಫೋಟೋದಲ್ಲಿ ಅಮ್ಮನ ಬಾಯಿ ಮುಚ್ಚಿತ್ತು. ಪಕ್ಕದ ಮನೆಯ ಗಂಗುಲಮ್ಮ ಮಾತ್ರ, "ನಿಮ್ಮಮ್ಮ ನಕ್ರೆ ಬೀದಿ ಕೊನೇಗೆ ಕೇಳಿಸ್ತಿತ್ತು ಕಣೋ, ಅದೂ ಎಲ್ರೂ ನಕ್ಕು ಮುಗಿಸಿದ ಮೇಲೆ," ಎಂದು ಆಗಾಗ ಹೇಳುತ್ತಿದ್ದಳು. ಅದು ಹೇಗಿತ್ತು ಎಂದು ಅವನು ಆ ಬೆಳಿಗ್ಗೆ ಅಪ್ಪನನ್ನು ಕೇಳಿದ್ದ. ಅಪ್ಪ ಒಂದು ಚೊಂಬು ನೀರು ಸುರಿದು, ಇನ್ನೊಂದು ತುಂಬಿಕೊಂಡು, ಅದನ್ನು ಸುರಿಯದೆ ಕೈಯಲ್ಲೇ ಹಿಡಿದು, ಆ ಮಾತು ಹೇಳಿದ್ದ.

ಆ ಅಪ್ಪ ಹೋಗಿ ವರ್ಷವಾಗುತ್ತ ಬಂದಿತ್ತು. ಅಪ್ಪ ಕೆಲಸ ಮಾಡಿದ್ದ, ರೇಷ್ಮೆ ನೂಲು ತೆಗೆಯುವ ಫಿಲೇಚರಿನ ಮಾಲೀಕ ನೂರುಲ್ಲಾ ಸಾಬರ ಫೋನು ಶಿಡ್ಲಘಟ್ಟದಿಂದ ಬಂದಾಗ ಮುರಳಿಮೋಹನ ಮುದ್ದೇನಹಳ್ಳಿಯ ಹತ್ತಿರ ಕಾಲೇಜಿನ ಬಸ್ಸು ನಿಲ್ಲಿಸಿ, ಹಿಂದಿನ ಸೀಟಿನಲ್ಲಿ ಮೈ ಚಾಚಿದ್ದ. ಬೆಳಗಿನ ಟ್ರಿಪ್ಪಿಗೂ ಸಂಜೆಯ ಟ್ರಿಪ್ಪಿಗೂ ನಡುವೆ ಅವನ ನಿದ್ದೆಯೆಲ್ಲ ಆ ಸೀಟಿನ ಮೇಲೇ ಆಗಬೇಕು. ಹೆಂಡತಿ ಗೌರಿಬಿದನೂರಿನ ಆಸ್ಪತ್ರೆಯಲ್ಲಿ ನರ್ಸು. ಮಗಳು ಚೈತನ್ಯ ಅವಳ ಜೊತೆ, ಅಜ್ಜಿಯ ಮನೆಯಲ್ಲಿ. ಇವನು ಚಿಕ್ಕಬಳ್ಳಾಪುರದಲ್ಲಿ ಒಂದು ರೂಮು ಮಾಡಿಕೊಂಡು, ಭಾನುವಾರ ಮಾತ್ರ ಅಪ್ಪನೂ ಗಂಡನೂ ಆಗುತ್ತಿದ್ದ.

"ಮುರಳಿ, ಫಿಲೇಚರ್ ಕೆಡವ್ತಾ ಇದೀವಪ್ಪ," ಎಂದರು ನೂರುಲ್ಲಾ. "ಗೂಡು ಒಣಗಿಸೋ ರೂಮಲ್ಲಿ, ಮೇಲ್ಗಡೆ ಹಲಗೆ ಮೇಲೆ ನಿಮ್ಮಪ್ಪಂದು ಒಂದು ಗಂಟು ಸಿಕ್ತು. ಬಿಚ್ಚಿಲ್ಲ ನಾನು. ಮುಟ್ಟಿ ನೋಡ್ದೆ. ಕ್ಯಾಸೆಟ್ ಅನ್ಸುತ್ತೆ."

ಮುರಳಿಮೋಹನ ಎದ್ದು ಕೂತ.

ಆ ಕ್ಯಾಸೆಟ್ಟಿನ ಕಥೆ ಅವನು ಕೇಳುತ್ತಲೇ ಬೆಳೆದಿದ್ದ. ಮನೆಮನೆಗೆ ಟೀವಿ ಇನ್ನೂ ಬಾರದ ಕಾಲದಲ್ಲಿ 'ಕೆಳಗಿನ ಮನೆಯವರು' ಎಂಬ ಒಂದು ಹಾಸ್ಯದ ಧಾರಾವಾಹಿ ಬರುತ್ತಿತ್ತು. ಮೇಲೆ ಓನರು, ಕೆಳಗೆ ಬಾಡಿಗೆಯವರು, ವಾರಕ್ಕೊಂದು ಜಗಳ. ಅದನ್ನು ಬೆಂಗಳೂರಿನ ಒಂದು ದೊಡ್ಡ ಹಾಲ್‌ನಲ್ಲಿ ನಾಟಕದ ಹಾಗೆ ಜನರ ಎದುರಿಗೇ ಆಡಿ ಚಿತ್ರೀಕರಿಸುತ್ತಿದ್ದರು. ಜನ ನಕ್ಕದ್ದೂ ಅದರಲ್ಲೇ ದಾಖಲಾಗುತ್ತಿತ್ತು. ನಗುವುದಕ್ಕೆ ಜನ ಬೇಕಲ್ಲ. ನೂರುಲ್ಲಾ ಅವರ ತಂದೆಗೆ ಆ ತಂಡದಲ್ಲಿ ಯಾರೋ ಪರಿಚಯ. ಕೆಲಸಕ್ಕೆ ರಜೆ ಇದ್ದ ಒಂದು ದಿನ ಫಿಲೇಚರಿನ ಕೆಲಸದವರನ್ನೆಲ್ಲ, ಆಗಿನ್ನೂ ಹುಡುಗನಾಗಿದ್ದ ನೂರುಲ್ಲಾರನ್ನೂ ಸೇರಿಸಿ, ವ್ಯಾನಿನಲ್ಲಿ ತುಂಬಿ ಕಳಿಸಿದ್ದರು. ರಾಮಾಂಜಿನಪ್ಪನೂ ಹೊಸ ಹೆಂಡತಿ ವೆಂಕಟರತ್ನಮ್ಮನನ್ನು ಕರೆದುಕೊಂಡು ಹೋಗಿದ್ದ. ಹಿಂದಿನ ಸಾಲಿನಲ್ಲಿ ಜಾಗ ಸಿಕ್ಕಿತ್ತು.

ವೆಂಕಟರತ್ನಮ್ಮ ನಗರಗೆರೆಯ ಆಚೆಯ ಊರಿನವಳು. ತವರಲ್ಲಿ ಬರೀ ತೆಲುಗು. "ಕನ್ನಡದಲ್ಲಿ ಕೇಳಿ, ತೆಲುಗಲ್ಲಿ ಅರ್ಥ ಮಾಡ್ಕೊಂಡು, ಆಮೇಲೆ ನಗ್ತಿದ್ಲು," ಎಂದು ರಾಮಾಂಜಿನಪ್ಪ ಹೇಳುತ್ತಿದ್ದ. ಅವತ್ತೂ ಹಾಗೇ ಆಯಿತು. ಮನೆ ಸೋರುತ್ತಿದೆ ಎಂದು ಬಾಡಿಗೆಯವನು ಗೋಳಾಡುತ್ತಾನೆ, "ಸೋರೋ ನೀರಿಗೆ ನಾನೇನಾದ್ರೂ ಬೇರೆ ದುಡ್ಡು ಕೇಳಿದ್ನೇನ್ರೀ?" ಎನ್ನುತ್ತಾನೆ ಓನರು. ಹಾಲೆಲ್ಲ ನಕ್ಕಿತು. ವೆಂಕಟರತ್ನಮ್ಮ ಗಂಡನ ಕಡೆ ಬಾಗಿ, "ಏಮನ್ನಾಡು?" ಎಂದು ಪಿಸುಗುಟ್ಟಿದಳು. ಓನರು ಏನೆಂದನೆಂದು ಅವನು ತೆಲುಗಲ್ಲಿ ಹೇಳಿದ. ಅಷ್ಟರಲ್ಲಿ ಹಾಲು ಸುಮ್ಮನಾಗಿತ್ತು. ಆ ನಿಶ್ಶಬ್ದದಲ್ಲಿ ಅವಳೊಬ್ಬಳೇ ನಕ್ಕಳು.

ಓನರಿನ ಪಾತ್ರದವನು ಮಾತು ನಿಲ್ಲಿಸಿ, ತಿರುಗಿ, ಹಿಂದಿನ ಸಾಲನ್ನು ನೋಡಿದ. "ನೋಡ್ರೀ, ಅಲ್ಲಿಗೆ ಈಗ ಸೋರ್ತು," ಎಂದ. ಬರೆದುಕೊಟ್ಟ ಮಾತಲ್ಲ ಅದು. ಹಾಲು ಮೊದಲಿಗಿಂತ ಜೋರಾಗಿ ನಕ್ಕಿತು. ಆ ಭಾಗವನ್ನು ಅವರು ತೆಗೆಯಲಿಲ್ಲ, ಹಾಗೇ ಪ್ರಸಾರ ಮಾಡಿದರು. ನೂರುಲ್ಲಾ ತಮ್ಮ ಮನೆಯ ವಿಸಿಆರ್‌ನಲ್ಲಿ ಅದನ್ನು ರೆಕಾರ್ಡು ಮಾಡಿಕೊಂಡರು. ಮುರಳಿಮೋಹನನಿಗೆ ಹನ್ನೊಂದು ತಿಂಗಳಾದಾಗ ವೆಂಕಟರತ್ನಮ್ಮ ಕಾಮಾಲೆಯಲ್ಲಿ ತೀರಿಕೊಂಡಳು. ಹನ್ನೆರಡನೆಯ ದಿನದ ಮೇಲೆ ನೂರುಲ್ಲಾ ಕ್ಯಾಸೆಟ್ಟನ್ನು ತಂದು ರಾಮಾಂಜಿನಪ್ಪನ ಕೈಗೆ ಕೊಟ್ಟರು.

ಅಪ್ಪ ಅದನ್ನು ಎಲ್ಲಿಟ್ಟಿದ್ದಾನೆಂದು ಮುರಳಿಮೋಹನನಿಗೆ ತಿಳಿದಿರಲಿಲ್ಲ. ಕೇಳಿದರೆ, "ಬೂಸ್ಟು ಹಿಡಿಯೋ ಜಾಗದಲ್ಲಿ ಇಟ್ಟಿಲ್ಲ ಬಿಡು," ಎನ್ನುತ್ತಿದ್ದ. ಯುಗಾದಿಗೆ ನೋಡೋಣ, ಪರೀಕ್ಷೆ ಮುಗೀಲಿ, ಮದುವೆ ಆಗ್ಲಿ ಎಂದು ಮುಂದಕ್ಕೆ ಹಾಕುತ್ತಲೇ ಹೋದ. ಅಷ್ಟರಲ್ಲಿ ವಿಸಿಆರುಗಳು ಊರಿಂದಲೇ ಹೋದವು.

ಅಪ್ಪ ಸತ್ತ ಮೇಲೆ ಮುರಳಿಮೋಹನ ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿ ಮೊಬೈಲಿನಲ್ಲಿ ಹುಡುಕಿದ. ಜಗತ್ತಿನಲ್ಲಿರುವುದೆಲ್ಲ ಅದರಲ್ಲಿದೆ ಎನ್ನುತ್ತಾರೆ. 'ಕೆಳಗಿನ ಮನೆಯವರು' ಇರಲಿಲ್ಲ. ಯಾರೋ ಹಾಕಿದ್ದ ಒಂದು ಮಸುಕು ಫೋಟೋ, ಅದರ ಕೆಳಗೆ ನಾಲ್ಕೈದು ಜನ, "ಇದರ ಎಪಿಸೋಡು ಯಾರ ಹತ್ರನಾದ್ರೂ ಇದೆಯಾ?" ಎಂದು ಒಬ್ಬರನ್ನೊಬ್ಬರು ಕೇಳಿಕೊಂಡಿದ್ದರು. ಯಾರೂ ಉತ್ತರ ಕೊಟ್ಟಿರಲಿಲ್ಲ. ಹೇಗೋ ನಿರ್ಮಾಪಕರ ಮಗಳ ನಂಬರು ಹುಡುಕಿ ಮಾತಾಡಿದ. ಆಕೆ ಬೇಸರಿಸದೆ ಹೇಳಿದರು: "ಆಗ ಟೇಪು ತುಂಬಾ ದುಬಾರಿ ಕಣ್ರೀ. ಒಂದು ಸಲ ಟೀವೀಲಿ ಬಂದ್ಮೇಲೆ ಅದರ ಮೇಲೇ ಇನ್ನೊಂದು ರೆಕಾರ್ಡ್ ಮಾಡ್ತಿದ್ರು ನಮ್ಮಪ್ಪ. ಉಳ್ಕೊಂಡಿದ್ದ ಒಂದೆರಡು ಮಳೆಗಾಲದಲ್ಲಿ ಹಾಳಾದ್ವು. ಅದನ್ನ ಓಡ್ಸೋ ಮಶೀನೂ ಈಗ ಇಲ್ಲ. ನಗಿಸೋದು ತಾನೇ, ಮುಂದಿನ ವಾರ ಇನ್ನೊಂದು ಮಾಡಿದ್ರಾಯ್ತು ಅನ್ಕೊಂಡಿದ್ರು. ಮತ್ತೆ ಯಾರಿಗಾದ್ರೂ ಬೇಕಾಗುತ್ತೆ ಅಂತ ಯಾರಿಗೆ ಗೊತ್ತಿತ್ತು?"

ಹಾಗಾಗಿ ಉಳಿದಿದ್ದರೆ ಅಪ್ಪನ ಕ್ಯಾಸೆಟ್ ಒಂದೇ ಉಳಿದಿರಬೇಕು.

ಮರುದಿನ ಸಂಜೆಯ ಟ್ರಿಪ್ಪಿಗೆ ಇನ್ನೊಬ್ಬ ಡ್ರೈವರನನ್ನು ಒಪ್ಪಿಸಿ ಮುರಳಿಮೋಹನ ಶಿಡ್ಲಘಟ್ಟಕ್ಕೆ ಹೋದ. ಫಿಲೇಚರಿನ ಮೇಲಿನ ಶೀಟುಗಳನ್ನು ತೆಗೆದುಬಿಟ್ಟಿದ್ದರು. ಗೂಡಿನೊಳಗೆ ಬೆಂದ ಹುಳುವಿನ ವಾಸನೆ ಮಾತ್ರ ಗೋಡೆ ಬಿಟ್ಟು ಹೋಗಿರಲಿಲ್ಲ. ನೂರುಲ್ಲಾ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ನೀನೇ ಬಿಚ್ಚಪ್ಪ."

ಹೊರಗೆ ಬಟ್ಟೆ, ಒಳಗೆ ಪ್ಲಾಸ್ಟಿಕ್, ಅದರೊಳಗೆ ಒಣಗಿ ಪುಡಿಯಾದ ಬೇವಿನ ಸೊಪ್ಪು. ಬೂಸ್ಟಿನ ಒಂದು ಚುಕ್ಕೆಯೂ ಇರಲಿಲ್ಲ. ಆದರೆ ಕ್ಯಾಸೆಟ್ಟಿನ ಕಪ್ಪು ಡಬ್ಬಿ ಸೊಟ್ಟಗಾಗಿತ್ತು, ಕಾವಲಿಯ ಮೇಲೆ ಬಿಟ್ಟ ಪ್ಲಾಸ್ಟಿಕ್ಕಿನ ಹಾಗೆ.



ರಾಮಾಂಜಿನಪ್ಪನ ಕೆಲಸವೇ ಆ ಕೋಣೆಯಲ್ಲಿ. ಗೂಡಿನೊಳಗಿನ ಹುಳು ಚಿಟ್ಟೆಯಾಗಿ ತೂತು ಮಾಡಿಕೊಂಡು ಹೊರಬಂದರೆ ನೂಲು ಹಾಳು. ಅದಕ್ಕೆ ಮೊದಲೇ ಬಿಸಿಗಾಳಿಯಲ್ಲಿ ಹುಳುವನ್ನು ಸಾಯಿಸಿ, ಗೂಡನ್ನು ಒಣಗಿಸಬೇಕು. ಚೆನ್ನಾಗಿ ಒಣಗಿದ ಗೂಡಿಗೆ ಬೂಸ್ಟು ಹಿಡಿಯುವುದಿಲ್ಲ, ವರ್ಷಗಟ್ಟಲೆ ಇಡಬಹುದು. ಅವನು ಇಟ್ಟ ಗೂಡು ಒಂದೂ ಕೆಟ್ಟಿದ್ದಿಲ್ಲ ಎಂದು ಊರಲ್ಲಿ ಹೆಸರಿತ್ತು. ಊರವರ ಕ್ಯಾಸೆಟ್ಟುಗಳು ಮಳೆಗಾಲದಲ್ಲಿ ಬೂಸ್ಟು ಹಿಡಿಯುವುದನ್ನು ಕಂಡು, ತನ್ನದನ್ನು ಅವನು ತನಗೆ ತಿಳಿದ ಅತಿ ಭದ್ರವಾದ ಜಾಗದಲ್ಲಿ ಇಟ್ಟಿದ್ದ.

"ನಿನ್ನ ಕರ್ಕೊಂಡು ಬಾ, ಹಾಕಣ ಅಂತ ನಿಮ್ಮಪ್ಪನ್ನ ಎಷ್ಟೋ ಸಲ ಕರ್ದೆ ಬೇಟಾ," ಎಂದರು ನೂರುಲ್ಲಾ. "ಒಂದು ಸಲ ಬಾಗಿಲ ತನಕ ಬಂದ. ಚಪ್ಪಲಿ ಬಿಟ್ಟ. ಮತ್ತೆ ಹಾಕ್ಕೊಂಡು, 'ಹುಡುಗ ಇನ್ನೂ ದೊಡ್ಡೋನಾಗ್ಲಿ ಸಾಬ್ರೇ' ಅಂತ ಹೋದ. ಹುಡುಗನಿಗಲ್ಲ, ಅವನಿಗೇ ಕೇಳೋ ಧೈರ್ಯ ಇರ್ಲಿಲ್ಲ."

"ಚಿಂತಾಮಣೀಲಿ ಹಳೇ ಮದುವೆ ಕ್ಯಾಸೆಟ್ಟೆಲ್ಲಾ ಪೆನ್ ಡ್ರೈವಿಗೆ ಹಾಕ್ಕೊಡೋರು ಒಬ್ರು ಇದಾರಂತೆ," ಎಂದ ಮುರಳಿಮೋಹನ.

"ಮಜರ್. ನಮ್ಮ ಸಂಬಂಧದ ಹುಡುಗನೇ. ಭಾನುವಾರ ಹೋಗಣ. ನಾನೂ ಬರ್ತೀನಿ. ನಿಂಗೆ ಅವಳ ನಗು ಯಾವುದು ಅಂತ ಹೆಂಗೆ ಗೊತ್ತಾಗುತ್ತೆ? ಹೇಳೋಕೆ ಒಬ್ರು ಬೇಕಲ್ಲ."

ಶನಿವಾರ ಚೈತನ್ಯ ಫೋನು ಮಾಡಿದಳು. "ಈ ಸಂಡೇನೂ ಬರಲ್ವಾಪ್ಪಾ?"

"ಚಿಂತಾಮಣಿಗೆ ಹೋಗ್ಬೇಕಮ್ಮ. ನಮ್ಮಮ್ಮ, ನಿಮ್ಮಜ್ಜಿ, ನಕ್ಕಿರೋ ಕ್ಯಾಸೆಟ್ ಸಿಕ್ಕಿದೆ."

"ನಂಗೂ ಕೇಳಿಸ್ತೀಯಾ? ಪ್ರಾಮಿಸ್ ಮಾಡು."

"ನೋಡಣಮ್ಮ," ಎಂದ ಅವನು.

ಮಜರನ ಸ್ಟುಡಿಯೋ ಒಂದು ಬೇಕರಿಯ ಮೇಲಿತ್ತು. ಅವನು ಕ್ಯಾಸೆಟ್ಟನ್ನು ದೀಪಕ್ಕೆ ಹಿಡಿದು ತಿರುಗಿಸಿ ನೋಡಿದ. "ಇದನ್ನೇನು ಇಡ್ಲಿ ಪಾತ್ರೇಲಿ ಇಟ್ಟಿದ್ರಾ ಸಾರ್?"

"ಬಾಯಿ ಮುಚ್ಕೊಂಡು ಕೆಲ್ಸ ಮಾಡೋ," ಎಂದರು ನೂರುಲ್ಲಾ.

ಮಜರ್ ಡಬ್ಬಿ ಒಡೆದು, ಸುರುಳಿಯನ್ನು ಬಿಡಿಸಿ ಬೇರೊಂದು ಡಬ್ಬಿಗೆ ಕೂರಿಸಿದ. ಟೇಪಿನ ಅಂಚು ಸೀರೆಯ ನಿರಿಗೆಯ ಹಾಗೆ ಸುಕ್ಕಾಗಿತ್ತು. ಅಲ್ಲಲ್ಲಿ ಒಂದು ಸುತ್ತು ಇನ್ನೊಂದಕ್ಕೆ ಅಂಟಿಕೊಂಡಿತ್ತು. ಉಸಿರು ಹಿಡಿದು ಬಿಡಿಸಿದರೂ ಕೆಲವು ಕಡೆ ಕಂದು ಲೇಪ ಕಿತ್ತುಕೊಂಡು ಬಂದು, ಬರಿಯ ಪಾರದರ್ಶಕ ಪಟ್ಟಿ ಉಳಿಯಿತು. "ಇಲ್ಲೆಲ್ಲಾ ಏನೂ ಬರಲ್ಲ ಸಾರ್. ಪಿಕ್ಚರ್ ಆಸೆ ಬಿಟ್ಬಿಡಿ. ಸೌಂಡ್ ಏನಾದ್ರೂ ಸಿಕ್ರೆ ನಿಮ್ ಅದೃಷ್ಟ."

ಟೀವಿಯಲ್ಲಿ ಬಿಳಿ ಗೆರೆಗಳು ಓಡಿದವು. ಅವುಗಳ ಹಿಂದೆ ಯಾರೋ ನೀರಿನೊಳಗಿಂದ ಮಾತಾಡಿದ ಹಾಗೆ ದನಿಗಳು ಎದ್ದವು, ಮುಳುಗಿದವು. ಬಾಡಿಗೆಯವನ ಹೆಂಡತಿ, ಪಾತ್ರೆಯ ಸದ್ದು, ನಗು. ನಗು ಬಂದಾಗಲೆಲ್ಲ ಮುರಳಿಮೋಹನ ನೂರುಲ್ಲಾರ ಮುಖ ನೋಡುತ್ತಿದ್ದ. ಅವರು ಕಣ್ಣು ಮುಚ್ಚಿಕೊಂಡು, ಇನ್ನೂ ಇಲ್ಲ ಎಂಬಂತೆ ಬೆರಳಾಡಿಸುತ್ತಿದ್ದರು.

"ಸಾರ್, ಮನೆ ಸೋರ್ತಿದೆ ಸಾರ್."

ನೂರುಲ್ಲಾ ಕಣ್ಣು ತೆರೆದು ಅವನ ಮಣಿಕಟ್ಟು ಹಿಡಿದುಕೊಂಡರು.

"ಸೋರೋ ನೀರಿಗೆ ನಾನೇನಾದ್ರೂ ಬೇರೆ ದುಡ್ಡು ಕೇಳಿದ್ನೇನ್ರೀ?"

ಹಾಲು ನಕ್ಕಿತು. ಫಿಲೇಚರಿನ ಜನರೆಲ್ಲ ಅದರಲ್ಲಿದ್ದರು. ಹುಡುಗನಾಗಿದ್ದ ನೂರುಲ್ಲಾ ಇದ್ದರು, ಅಪ್ಪ ಇದ್ದ. ನಗು ಇಳಿಯಿತು, ಚದುರಿತು, ಯಾರೋ ಕೆಮ್ಮಿದರು. ಆಮೇಲೆ ಟೀವಿ ಮೂಕವಾಯಿತು. ಗೊರಗೊರ ಸದ್ದೂ ಇಲ್ಲ. ಕೆಳಗೆ ಬೇಕರಿಯವನು ಟ್ರೇ ಎಳೆದದ್ದು ಕೇಳಿಸಿತು.

"ನೋಡ್ರೀ, ಅಲ್ಲಿಗೆ ಈಗ ಸೋರ್ತು."

ಮತ್ತೆ ಹಾಲೆಲ್ಲ ನಕ್ಕಿತು. ಈ ಸಲ ಚಪ್ಪಾಳೆಯೂ ಸೇರಿತು. ನಗು ಎಷ್ಟೋ ಹೊತ್ತು ನಿಲ್ಲಲಿಲ್ಲ.

"ಹಿಂದಕ್ಕೆ ಹಾಕಪ್ಪ," ಎಂದ ಮುರಳಿಮೋಹನ. ಮಜರ್ ಹಾಕಿದ. ನಗು, ಕೆಮ್ಮು, ಏನೂ ಇಲ್ಲ, ಆಮೇಲೆ ಓನರಿನ ಮಾತು. ಮೂರನೆಯ ಸಲ ಹಾಕುವಾಗ ಮಜರ್ ಟೇಪನ್ನು ನಿಲ್ಲಿಸಿ, ಹೊರತೆಗೆದು, ಆ ಜಾಗವನ್ನು ಬೆಳಕಿಗೆ ಹಿಡಿದು ತೋರಿಸಿದ. ಅಂಗೈಯಷ್ಟು ಉದ್ದಕ್ಕೆ ಪಟ್ಟಿ ಗಾಜಿನಂತೆ ಸ್ವಚ್ಛವಾಗಿತ್ತು. ಅದರ ಮೂಲಕ ಅವನ ಬೆರಳು ಕಾಣುತ್ತಿತ್ತು.

"ಲೇಪ ಹೋಗ್ಬಿಟ್ಟಿದೆ ಸಾರ್. ಯಾರೂ ಏನೂ ಮಾಡೋಕಾಗಲ್ಲ." ಅವನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ಆ ಮುಂಚಿನ ನಗೂಲಿ ಹುಡುಕ್ಬೋದಲ್ವಾ? ಅದ್ರಲ್ಲಿ ಹೆಂಗಸ್ರದ್ದು ತುಂಬಾ ಇದೆ."

ಮುರಳಿಮೋಹನ ನೂರುಲ್ಲಾರ ಕಡೆ ನೋಡಿದ. ಒಂದು ಹೌದು ಎಂದರೆ ಸಾಕಿತ್ತು. ಯಾವುದಾದರೂ ಒಂದು ದನಿಯ ಕಡೆ ಬೆರಳು ತೋರಿಸಿದ್ದರೆ ಅವನು ನಂಬುತ್ತಿದ್ದ. ನೂರುಲ್ಲಾ ಅವನ ಮಣಿಕಟ್ಟು ಬಿಟ್ಟರು.

"ಇಲ್ಲ ಬೇಟಾ," ಎಂದರು. "ರತ್ನಮ್ಮಕ್ಕ ಎಲ್ರ ಜೊತೇಲಿ ನಗ್ತಿರ್ಲಿಲ್ಲ."

ಮೆಟ್ಟಿಲಿಳಿಯುವಾಗ ಅವರೇ ಅವನ ತೋಳು ಹಿಡಿದುಕೊಂಡಿದ್ದರು. "ನೀನೂ ಇದ್ದೆ ಅಲ್ಲಿ ಅವತ್ತು. ಹೊಟ್ಟೇಲಿ. ಅಷ್ಟು ನಗ್ಬೇಡ, ಮಗು ಎದ್ಬಿಡುತ್ತೆ ಅಂತ ನಿಮ್ಮಪ್ಪ ಬೈದಿದ್ದ."

ಶಿಡ್ಲಘಟ್ಟದಲ್ಲಿ ನೂರುಲ್ಲಾ ಇಳಿದುಹೋದರು. ಮುಂದಕ್ಕೆ ಬಸ್ಸು ಅರ್ಧ ಖಾಲಿಯಿತ್ತು. ಎರಡೂ ಬದಿಗೆ ಹಿಪ್ಪುನೇರಳೆ ತೋಟಗಳು, ಸೊಪ್ಪು ಕೊಯ್ದು ಬರಿಯ ಕಡ್ಡಿಗಳು. ಬೇರೆಯವರು ಓಡಿಸುವ ಬಸ್ಸಿನಲ್ಲಿ ಕೂತರೂ ಮುರಳಿಮೋಹನನ ಬಲಗಾಲು ತಿರುವಿನಲ್ಲೆಲ್ಲ ಬ್ರೇಕು ಒತ್ತುತ್ತಿತ್ತು. ಮಜರ್ ಕಳಿಸಿದ್ದ ಆಡಿಯೋವನ್ನು ಅವನು ಮಗಳಿಗೆ ಕಳಿಸಿದ. ಸ್ವಲ್ಪ ಹೊತ್ತಿಗೆ ಅವಳ ಫೋನು ಬಂತು.

"ಅಪ್ಪಾ, ಎರಡನೇ ಸಲ ಯಾಕೆ ಅವ್ರೆಲ್ಲಾ ಅಷ್ಟು ಜೋರಾಗಿ ನಗೋದು?"

"ನಿಮ್ಮಜ್ಜಿ ನಕ್ಕಿದ್ದಕ್ಕೆ."

"ಅಜ್ಜಿ ಎಲ್ಲಿ ನಕ್ಕಿದ್ರು?"

"ಮಧ್ಯದಲ್ಲಿ ಸುಮ್ಮನಿದೆಯಲ್ಲಮ್ಮ, ಅಲ್ಲಿ."

ಅವಳು ಫೋನಿಟ್ಟಳು. ಇನ್ನೊಂದು ಸಲ ಕೇಳಲಿಕ್ಕೆ ಹೋದಳೇನೋ.

ಅವನೂ ಮೊಬೈಲನ್ನು ಕಿವಿಗೆ ಒತ್ತಿಕೊಂಡ. ಹಾಲು ನಕ್ಕಿತು, ಇಳಿಯಿತು, ಯಾರೋ ಕೆಮ್ಮಿದರು. ಆಮೇಲಿನ ಆ ಖಾಲಿಯಲ್ಲಿ ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಓನರಿನ ಮಾತು ಬರುವುದಕ್ಕೆ ಮುಂಚೆಯೇ ನಿಲ್ಲಿಸಿದ.

ಮುರಳಿಮೋಹನ ಅಮ್ಮನ ನಗುವನ್ನು ಕೇಳಲಿಲ್ಲ. ರಾಮಾಂಜಿನಪ್ಪ ಕೊಟ್ಟ ಮಾತು ನಡೆಯಲಿಲ್ಲ.