ಸತ್ತವನ ತಲೆಗೆ ಕಟ್ಟಿದ್ದು

ಈಗಿನ ಸೂಪರ್‌ಹೀರೋಗಳಿಗೆ ನಗುವುದೇ ಮರೆತುಹೋಗಿದೆ. ಮೊದಲೆಲ್ಲ ಕೆಂಪು ನೀಲಿ ಬಟ್ಟೆ ತೊಟ್ಟು ಹಾರಾಡುತ್ತಿದ್ದವರು ಈಗ ಮಸಿ ಬಳಿದುಕೊಂಡು, ಹಲ್ಲುನೋವು ಬಂದವರ ಹಾಗೆ ಮುಖ ಗಂಟಿಕ್ಕಿಕೊಂಡು ಮಳೆಯಲ್ಲಿ ನಿಂತಿರುತ್ತಾರೆ. ಹೊಸೂರಿನ ಥಿಯೇಟರಿನಲ್ಲಿ ಮಧ್ಯಾಹ್ನದ ಆಟಕ್ಕೆ ಕೂತ ಕುಮಾರೇಶನ ಮುಂದೆ ಅಂಥವನೊಬ್ಬ ತಮಿಳಿನಲ್ಲಿ ಗುರುಗುಟ್ಟುತ್ತಿದ್ದ. ಕುಮಾರೇಶನ ಒಳಗೆ ಏನೂ ಇಳಿಯುತ್ತಿರಲಿಲ್ಲ. ಹೋದ ರಾಗಿ ಕೊಯ್ಲಿನಿಂದ ಅವನಿಗೆ ಎಲ್ಲವೂ ಹಾಗೇ. ಫ್ಯಾಕ್ಟರಿಯಲ್ಲಿ ಶಿಫ್ಟು ಮುಗಿದದ್ದೂ ತಿಳಿಯದು, ತಿಂದ ಮುದ್ದೆಯ ರುಚಿಯೂ ತಿಳಿಯದು.

ಪಕ್ಕದಲ್ಲಿ ದಿವ್ಯ ಕೂತಿದ್ದಳು. ಅವನ ದೊಡ್ಡಪ್ಪನ ಮಗ ಬೀರೇಶನ ಮಗಳು, ಹನ್ನೊಂದನೇ ಕ್ಲಾಸು. ಬೀರೇಶ ಸತ್ತ ಮೇಲೆ ಆ ಮನೆಗೆ ಅಕ್ಕಿ ಬೇಳೆ ತಂದುಹಾಕುವುದು, ಹುಡುಗಿಗೆ ಸಿನಿಮಾ ತೋರಿಸುವುದು ಎಲ್ಲ ಕುಮಾರೇಶನೇ. ಚಿಕ್ಕಪ್ಪ ಅಂದರೆ ಹೀಗಿರಬೇಕು ಅಂತ ಊರವರು ಹೊಗಳುತ್ತಿದ್ದರು.

ಸಾನಮಾವು ಕಾಡಿನ ಅಂಚಿನ ಅವರ ಊರಲ್ಲಿ ಆನೆ ಓಡಿಸುವುದೆಂದರೆ ತನ್ನ ಹೊಲದಿಂದ ಪಕ್ಕದವನ ಹೊಲಕ್ಕೆ ಓಡಿಸುವುದು, ಅಷ್ಟೆ. ಎಲ್ಲರೂ ಮಾಡುವುದೇ. ಆ ಕೊಯ್ಲಿನ ಒಂದು ರಾತ್ರಿ ಕುಮಾರೇಶನೂ ಪಟಾಕಿ ಹಚ್ಚಿ ಎಸೆದ. ಪಕ್ಕದ ಹೊಲದಲ್ಲಿ ಬೀರೇಶ ಕಾವಲಿಗೆ ಕೂತಿದ್ದಾನೆ ಅಂತ ಗೊತ್ತಿದ್ದೂ ಎಸೆದ. ಕೂಗಿ ಎಚ್ಚರಿಸಲಿಲ್ಲ, ಕೂಗಿದರೆ ಆನೆ ತನ್ನ ಕಡೆಗೇ ತಿರುಗೀತು ಅಂತ. ಆನೆ ಬೀರೇಶನನ್ನು ತುಳಿದುಹಾಕಿತು. ಬೆಳಿಗ್ಗೆ ಫಾರೆಸ್ಟಿನವರು ಕೇಳಿದಾಗ ಕುಮಾರೇಶನ ಬಾಯಲ್ಲಿ ಬಂದದ್ದು, "ಕುಡ್ದಿದ್ದ ಸಾರ್. ಎಷ್ಟೇಳಿದ್ರೂ ಕೇಳ್ದೆ ಆನೆ ಎದುರಿಗೆ ಹೋಗ್ಬುಟ್ಟ." ಬೀರೇಶ ಹೆಂಡ ಮುಟ್ಟದ ಮನುಷ್ಯ. ಕದ್ದು ಕುಡಿಯುತ್ತಿದ್ದನೇನೋ ಅಂತ ಊರು ನಂಬಿಬಿಟ್ಟಿತು. ಅವತ್ತಿನಿಂದ ದಿವ್ಯ ಕುಡುಕನ ಮಗಳು.

ಪರದೆಯ ಮೇಲೆ ಹೀರೋ ಒಂದು ಸೇತುವೆ ಬೀಳಿಸಿದ್ದ. ಜನ ಸತ್ತಿದ್ದರು, ಅವನ ಗೆಳೆಯನೂ ಸತ್ತಿದ್ದ. ತಪ್ಪೆಲ್ಲ ಆ ಗೆಳೆಯನದೇ ಅಂತ ಹೀರೋ ಊರಿಗೆ ಸಾರಿದ. ತನ್ನ ಮೇಲೆ ಜನರ ನಂಬಿಕೆ ಹೋದರೆ ಊರೇ ಹಾಳಾಗುತ್ತದಂತೆ. ಪಿಟೀಲು ಅತ್ತಿತು, ಥಿಯೇಟರಿನಲ್ಲಿ ಶಿಳ್ಳೆ ಬಿತ್ತು. ದಿವ್ಯ ಶಿಳ್ಳೆ ಹೊಡೆದವರ ಕಡೆ ತಿರುಗಿ ನೋಡಿದಳು.

ಆಟ ಬಿಟ್ಟ ಮೇಲೆ, ಬೈಕು ನಿಲ್ಲಿಸಿದ್ದಲ್ಲಿ ಅವಳು ಕೇಳಿದಳು: "ಆ ಗೆಳೆಯನ್ಗೂ ಮನೇಲಿ ಮಗ್ಳೋ ಯಾರೋ ಇರ್ತಾರಲ್ವಾ ಚಿಕ್ಕಪ್ಪ? ಅವ್ರನ್ನ ತೋರಿಸ್ಲೇ ಇಲ್ಲ."

ಕುಮಾರೇಶ ಕೀಲಿ ಹಾಕಿ, ತಿರುಗಿಸದೆ ನಿಂತ. "ನಿಮ್ಮಪ್ಪ ಕುಡ್ದಿರ್ಲಿಲ್ಲ ಕಣಮ್ಮ," ಅಂದ. "ಆನೆ ಅವನ್ಕಡೆ ಹೋಗೋಹಂಗೆ ಪಟಾಕಿ ಎಸ್ದಿದ್ದು ನಾನು." ಬೇರೆ ಯಾರದೋ ಸುದ್ದಿ ಹೇಳಿದಂತಿತ್ತು.

"ಪಟಾಕಿ ಎಲ್ರೂ ಎಸೀತಾರೆ," ಅಂದಳು ದಿವ್ಯ. ಅವಳ ದನಿ ಏರಲಿಲ್ಲ. "ಅಪ್ಪ ಕುಡ್ದಿರ್ಲಿಲ್ಲ ಅಂತ ನಂಗೂ ಅಮ್ಮಂಗೂ ಗೊತ್ತು. ಅವತ್ತು ಊಟ ಕಟ್ಕೊಟ್ಟಿದ್ದು ನಾನೇ. ನಾವು ಹೇಳಿದ್ರೆ ಯಾರೂ ನಂಬಲ್ಲ. ನೀನು ಊರೋರ ಮುಂದೆ ಹೇಳು."

"ಹೇಳ್ತೀನಿ," ಅಂದ ಕುಮಾರೇಶ. ಫೀಸು ಕಟ್ತೀನಿ, ಅಕ್ಕಿ ತಂದ್ಕೊಡ್ತೀನಿ ಅನ್ನುವಷ್ಟೇ ಸಲೀಸಾಗಿ ಅದೂ ಬಂತು. ಊರು ಸೇರುವುದರೊಳಗೆ ಏನಾದರೊಂದು ನೆಪ ಹೊಳೆಯುತ್ತದೆ ಅಂತ ಅವನ ಲೆಕ್ಕಾಚಾರ.

ದಿವ್ಯ ನಂಬಿಬಿಟ್ಟಳು. ನಿಂತಲ್ಲೇ ತಾಯಿ ಕದಿರಮ್ಮನಿಗೆ ಫೋನ್ ಮಾಡಿದಳು. "ಅಮ್ಮಾ, ಅಪ್ಪ ಕುಡ್ದಿರ್ಲಿಲ್ಲ ಅಂತ ಚಿಕ್ಕಪ್ಪ ಊರೋರ ಮುಂದೆ ಹೇಳ್ತಾನಂತೆ. ಇವತ್ತೇ."

ಆ ಕಡೆ ಕದಿರಮ್ಮ ಅಳತೊಡಗಿದಳು. ಗಂಡನ ಹೆಣ ಎತ್ತಿದ ದಿನವೂ ಆಕೆ ಹೀಗೆ ಅತ್ತಿರಲಿಲ್ಲ. ದಿವ್ಯ ಫೋನನ್ನು ಕುಮಾರೇಶನ ಕೈಗಿತ್ತಳು. ಅವನು ಕಿವಿಗಿಟ್ಟುಕೊಂಡ.

"ನಿನ್ ಹೊಟ್ಟೆ ತಣ್ಣಗಿರ್ಲಿ ಕಣಪ್ಪ," ಅನ್ನುತ್ತಿದ್ದಳು ಅತ್ತಿಗೆ, ಅಳುತ್ತಲೇ. "ಊರೋರ್ನೆಲ್ಲ ಈಗ್ಲೇ ಕರೀತೀನಿ. ಬೇಗ ಬಾ."

ಬಹಳ ದಿನಗಳ ಮೇಲೆ ಮೊದಲ ಸಲ ಕುಮಾರೇಶನಿಗೆ ನೋವಾಯಿತು.